ಹುಲ್ಲಿನ ಡಾಕ್ಟರೂ ನನ್ನ ಕೊಂಬೂ

“ತಲೆ ಮೇಲೆ ಎರಡು ಕೊಂಬು ಇಟ್ಕೊಂಡು ಓಡಾಡ್ತೀಯಲ್ಲ, ಅದನ್ನೇ ಕಿತ್ತು ನನ್ನ ಬೋರ್ಡಿಗೆ ಅಂಟಿಸಿದೆಯೇನಯ್ಯಾ?”

ಹೀಗೆ ಕೇಳಿದವರು ಹಲ್ಲಿನ ಡಾಕ್ಟರು. ಕೇಳಿದ್ದು ಅವರ ಹೊಸ ದವಾಖಾನೆಯ ಬಾಗಿಲಲ್ಲಿ, ಅದು ಶುರುವಾದ ದಿನವೇ. ಅವರ ನೆಂಟರಿಷ್ಟರು, ಅಕ್ಕಪಕ್ಕದ ಅಂಗಡಿಯವರು, ಕೆನ್ನೆ ಹಿಡಿದುಕೊಂಡು ಕೂತಿದ್ದ ಮೊದಲನೇ ರೋಗಿ, ಎಲ್ಲರ ಎದುರಿಗೆ. ಕೇಳಿಸಿಕೊಂಡವನು ನಾನು. ಆ ರೋಗಿ ಕೂಡ ನೋವು ಮರೆತು ನಕ್ಕ. ಡಾಕ್ಟರ ಕೈಗುಣ ಅಂದರೆ ಇದು. ಮುಟ್ಟುವ ಮೊದಲೇ ಗುಣ.

ವಿಷಯ ಇಷ್ಟೇ. ನಾನು ಭಾವನ ಅಂಗಡಿಯಲ್ಲಿ ಬೋರ್ಡು ಬರೆಯುವವನು. ಭಾವ ಸೀಮೆಸುಣ್ಣದಲ್ಲಿ ಗೀಚಿ ಕೊಡುತ್ತಾರೆ, ನಾನು ಬಣ್ಣ ತುಂಬುತ್ತೇನೆ. ಶಾಲೆಯನ್ನು ನಾನು ಬೇಗ ಬಿಟ್ಟೆ. ಅಕ್ಷರಕ್ಕೆ ಅರ್ಥ ಇರುತ್ತದೆ ಅಂತ ಮೇಷ್ಟರು, ಅಕ್ಷರಕ್ಕೆ ಅಂದ ಇರಬೇಕು ಅಂತ ನಾನು, ಇಬ್ಬರಿಗೂ ಸರಿಬರಲಿಲ್ಲ. ಅದರಲ್ಲೂ ಕೊಂಬು. ಅಕ್ಷರದ ಬಲಗಡೆ ಬಾಲದ ಹಾಗೆ ಸುತ್ತಿಕೊಂಡು ನಿಲ್ಲುತ್ತದಲ್ಲ, ಉಕಾರದ ಕೊಂಬು, ಅದು ನನ್ನ ಕೈಯಲ್ಲಿ ತಿರುಗಿದ ಹಾಗೆ ಇನ್ನೊಬ್ಬರ ಕೈಯಲ್ಲಿ ತಿರುಗುವುದಿಲ್ಲ. ಇದು ಜಂಬವಲ್ಲ, ಸತ್ಯ. ಜಂಬ ಬೇರೆ ಇದೆ.

ಭಾವ ಗೀಚಿದ್ದು ‘ಹಲ್ಲಿನ ಡಾಕ್ಟರು’ ಅಂತ. ಕೆಳಗೆ, ‘ಹಲ್ಲು ಕೀಳಲಾಗುವುದು, ಹಲ್ಲು ಕಟ್ಟಲಾಗುವುದು.’ ಬಣ್ಣ ತುಂಬಿ ಹಿಂದೆ ಸರಿದು ನೋಡಿದೆ. ಮೊದಲನೇ ‘ಹ’ ಬೋಳುಬೋಳಾಗಿ ನಿಂತಿತ್ತು. ಪಾಪ ಅನ್ನಿಸಿತು. ಒಂದು ಕೊಂಬು ಎಳೆದೆ. ಎಂಥ ಕೊಂಬು ಬಂತು ಅಂತೀರಿ! ಒಂದಕ್ಕೆ ಕೊಟ್ಟು ಉಳಿದೆರಡಕ್ಕೆ ಕೊಡದಿದ್ದರೆ ಪಕ್ಷಪಾತ ಆಗುತ್ತದೆ ಅಂತ ಅವಕ್ಕೂ ಎಳೆದೆ. ಬೆಳಗಾಗುವಷ್ಟರಲ್ಲಿ ಊರಿನ ಜನ ಓದಿದ್ದು: ‘ಹುಲ್ಲಿನ ಡಾಕ್ಟರು. ಹುಲ್ಲು ಕೀಳಲಾಗುವುದು, ಹುಲ್ಲು ಕಟ್ಟಲಾಗುವುದು.’

ಎಮ್ಮೆ ಕಟ್ಟಿಕೊಂಡಿದ್ದ ಹಾಲಿನವನು ಎಲ್ಲರಿಗಿಂತ ಮೊದಲು ಬಂದು ಡಾಕ್ಟರ ಎದುರು ಹಗ್ಗ ಇಟ್ಟನಂತೆ. “ಎರಡು ಹೊರೆ ಕೊಡಿ. ಹಸಿಹುಲ್ಲೇ ಇರಲಿ. ನೀವೇ ಕಟ್ಟಿಕೊಡ್ತೀರಂತಲ್ಲ.”

ಅದಾದ ಮೇಲೇ ಡಾಕ್ಟರು ನಮ್ಮನ್ನು ಕರೆಸಿದ್ದು.

“ತಪ್ಪಾಯ್ತು ಅನ್ನೋ,” ಅಂತ ಭಾವ ನನ್ನ ಪಕ್ಕೆ ತಿವಿದರು.

“ಯಾವುದು ತಪ್ಪು? ಕೊಂಬು ಸೊಟ್ಟಗಿದೆಯಾ?” ಅಂದೆ.

“ಕೊಂಬು ನೆಟ್ಟಗಿದೆ ಕಣಯ್ಯಾ, ನೀನೇ ಸೊಟ್ಟ,” ಅಂದರು ಡಾಕ್ಟರು. ಜನ ಇನ್ನೊಂದು ಸಲ ನಕ್ಕರು. ನನಗೆ ಅಂಗಾಲಿನಲ್ಲಿದ್ದ ಸಿಟ್ಟು ನೆತ್ತಿಗೆ ಹತ್ತಿತು.

“ನೋಡ್ತಾ ಇರಿ. ಕೊಂಬು ಅಂದ್ರೆ ಏನು ಅಂತ ಇಡೀ ಬೀದಿಗೇ ಗೊತ್ತು ಮಾಡ್ತೀನಿ!”

ಹಾಗಂದರೆ ಏನು ಮಾಡಬೇಕು ಅಂತ ನನಗೂ ಗೊತ್ತಿರಲಿಲ್ಲ. ಶಪಥ ಮಾಡುವಾಗ ಅದನ್ನೆಲ್ಲ ಯೋಚಿಸುತ್ತ ಕೂತರೆ ಶಪಥ ತಣ್ಣಗಾಗುತ್ತದೆ.

ಭಾವ ಏನೂ ಕೂಗಾಡಲಿಲ್ಲ. ನನ್ನ ಕಿವಿ ಮೇಲಿದ್ದ ಬ್ರಶ್ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. “ಈ ಬೋರ್ಡನ್ನ ನೀನೇ ಸರಿ ಮಾಡಬೇಕು, ಡಾಕ್ಟರ ಹತ್ರ ನೀನೇ ತಪ್ಪಾಯ್ತು ಅನ್ನಬೇಕು. ಅಲ್ಲೀವರೆಗೂ ಬ್ರಶ್ ಮುಟ್ಟಬೇಡ. ಹೊಸದಾಗಿ ಒಪ್ಕೊಂಡಿರೋ ಟಾಕೀಸಿನ ಬೋರ್ಡೂ ನಿನಗಿಲ್ಲ.”

ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಟಾಕೀಸಿನ ಬೋರ್ಡು! ಆಳೆತ್ತರದ ಅಕ್ಷರ. ಏಣಿ ಹತ್ತಿ ಬರೆಯಬೇಕಾದ ಕೊಂಬು. ಮಲಗಿದರೂ ಎದ್ದರೂ ನಾನು ಅದನ್ನೇ ಗಾಳಿಯಲ್ಲಿ ಬರೆಯುತ್ತಿದ್ದೆ. ಈಗ ಅದಕ್ಕೂ ನನಗೂ ನಡುವೆ ‘ತಪ್ಪಾಯ್ತು’ ಅನ್ನೋ ಒಂದು ಮಾತು ಅಡ್ಡ ನಿಂತಿತ್ತು. ಮೂರಕ್ಷರ. ಅದರಲ್ಲಿ ಒಂದು ಕೊಂಬು ಬೇರೆ.

ಹಲ್ಲು ಕಡಿಯುತ್ತ ಹೊರಟವನು ಕುಳ್ಳಣ್ಣನ ಅಂಗಡಿ ಮುಂದೆ ನಿಂತುಬಿಟ್ಟೆ.

ಕುಳ್ಳಣ್ಣ ಹಳೇ ಸಾಮಾನಿನ ವ್ಯಾಪಾರಿ. ಕುರ್ಚಿ ಮೇಲೆ ನಿಂತರೆ ನಮ್ಮ ಭುಜಕ್ಕೆ ಬರುತ್ತಾನೆ, ಮಾತಿಗೆ ನಿಂತರೆ ಮಾಡಿಗೆ ಮುಟ್ಟುತ್ತಾನೆ. ಅವನ ಬಾಗಿಲಲ್ಲಿ, ಮುರಿದ ಫ್ಯಾನು, ಕಾಲಿಲ್ಲದ ಮೇಜುಗಳ ನಡುವೆ, ಅದು ಕೂತಿತ್ತು. ಹಿತ್ತಾಳೆಯದು. ಹೊಟ್ಟೆಯೊಳಗಿನ ಕರುಳನ್ನೆಲ್ಲ ಹೊರಗೆ ತೆಗೆದು ಸುತ್ತಿಟ್ಟ ಹಾಗೆ ಕೊಳವೆಗಳು. ಮೇಲೆ ಮಗು ಕೂರಿಸುವಷ್ಟು ಅಗಲದ ಬಾಯಿ. ನಡುವೆ ಒತ್ತುವ ಮೂರು ಗುಂಡಿ. ಮೈಯೆಲ್ಲ ಹಸಿರು ಕಿಲುಬು.

“ಏನದು?”

“ಇಂಗ್ಲಿಷಿನವರು ಟ್ಯೂಬಾ ಅಂತಾರೆ,” ಅಂದ ಕುಳ್ಳಣ್ಣ. “ನಮ್ಮ ಬಾಯಲ್ಲಿ ಕೊಂಬು. ನಮ್ಮಪ್ಪನ ಕಾಲಕ್ಕೂ ಮೊದಲಿಂದು. ಹಳೇ ಬ್ಯಾಂಡಿನವರು ಮಾರಿ ಹೋದದ್ದು. ಊದಿದ್ರೆ ಎದುರಿಗಿದ್ದೋನ ಪಂಚೆ ಅಲ್ಲಾಡಬೇಕು, ಅಂಥಾದ್ದು.”

ಕೊಂಬು! ಡಾಕ್ಟರ ಪಂಚೆ ನನ್ನ ಕಣ್ಣಿಗೆ ಕಟ್ಟಿತು. ಅವರು ಪ್ಯಾಂಟು ಹಾಕುತ್ತಾರೆ ಅನ್ನುವುದು ಆಗ ನೆನಪಾಗಲಿಲ್ಲ.

“ನನ್ನ ಕೈಯಲ್ಲಿ ದುಡ್ಡಿಲ್ಲ ಕುಳ್ಳಣ್ಣ.”

“ನನ್ನ ಅಂಗಡಿಗೆ ಬೋರ್ಡಿಲ್ಲ. ಬರ್ಕೊಟ್ಟು ಎತ್ಕೊಂಡು ಹೋಗು. ‘ಕುಳ್ಳಣ್ಣನ ಹಳೇ ಸಾಮಾನಿನ ಅಂಗಡಿ.’ ಅದ್ಯಾಕೆ ನಗ್ತೀಯಾ? ಕುಳ್ಳ ಅಂತ ಕರೆಸ್ಕೊಂಡೇ ಇಷ್ಟು ದಿನ ಬಾಳಿದ್ದೀನಿ. ಹೆಸರು ದೊಡ್ಡದಾಗಿರಲಿ.”

ಬ್ರಶ್ ಭಾವನ ಜೇಬಿನಲ್ಲಿತ್ತು. ಕುಳ್ಳಣ್ಣ ಹುಡುಕಾಡಿ ಗಡ್ಡಕ್ಕೆ ನೊರೆ ಹಚ್ಚುವ ಹಳೇ ಬ್ರಶ್ಶೊಂದು ಕೊಟ್ಟ, ಒಂದು ಡಬ್ಬಿ ಕೆಂಪು ಬಣ್ಣ ಕೊಟ್ಟ. ಅವನಿಗೆ ಓದು ಬರುವುದಿಲ್ಲ. ನನಗೆ ಬರುತ್ತದೆ, ಆದರೆ ಅವತ್ತು ಎಲ್ಲಿ ನೋಡಿದರೂ ಡಾಕ್ಟರ ನಗು ಕಾಣುತ್ತಿತ್ತು. ಒಂದೊಂದು ಅಕ್ಷರವನ್ನೂ ನಿಲ್ಲಿಸಿ ವಿಚಾರಣೆ ಮಾಡಿದೆ: ನಿನಗೆ ನಿಜವಾಗಿಯೂ ಕೊಂಬು ಬೇಕಾ? ಗಡ್ಡದ ಬ್ರಶ್ಶಿನಲ್ಲಿ ಕೊಂಬು ತಿರುಗಿಸುವುದೂ ಒಂದೇ, ಪೊರಕೆಯಲ್ಲಿ ರಂಗೋಲಿ ಬಿಡುವುದೂ ಒಂದೇ. ಅನುಮಾನ ಬಂದ ಕಡೆ ಬಿಟ್ಟುಬಿಡುವುದೇ ಜಾಣತನ ಅಂತ ತೀರ್ಮಾನಿಸಿದೆ. ಅಂಥ ಜಾಣತನಕ್ಕೆ ಅವಕಾಶ ಸಿಕ್ಕಿದ್ದು ಒಂದೇ ಕಡೆ, ಮೊದಲನೇ ಅಕ್ಷರದಲ್ಲಿ. ಕುಳ್ಳಣ್ಣ ದೂರ ನಿಂತು, ತಲೆ ಓರೆ ಮಾಡಿ ನೋಡಿ, “ಆಹಾ, ನನ್ನ ಹೆಸರು ಎಷ್ಟು ಚೆನ್ನಾಗಿದೆ!” ಅಂದ.

ಕೊಂಬನ್ನು ಹೆಗಲಿಗೇರಿಸಿ ಮನೆಗೆ ಹೊರಟೆ. ದಾರಿಯುದ್ದಕ್ಕೂ ಸಂದರ್ಶನ.

“ಹಂಡೇನಾ? ನೀರು ಬೇಗ ಕಾಯುತ್ತಾ?”

“ಯಾವ ಲಾರಿ ಸೈಲೆನ್ಸರಪ್ಪಾ ಇದು?”

ಮನೆ ಬಾಗಿಲಲ್ಲಿ ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಭಾವ ಆಗಲೇ ಬಂದು ಎಲ್ಲ ಒಪ್ಪಿಸಿದ್ದರು. ಅಕ್ಕ ನನ್ನನ್ನು ನೋಡಿದಳು, ಕೊಂಬನ್ನು ನೋಡಿದಳು. “ಒಂದು ಮಾತು ತಪ್ಪಾಯ್ತು ಅಂದಿದ್ರೆ ಮುಗೀತಿತ್ತು. ಅದು ಇದರಷ್ಟು ಭಾರ ಇತ್ತೇನೋ?”

“ಇದಕ್ಕಿಂತ ಭಾರ,” ಅಂದೆ.

ಕಿಲುಬು ತಿಕ್ಕಿದೆ, ಗುಂಡಿಗಳಿಗೆ ಎಣ್ಣೆ ಬಿಟ್ಟೆ. ಬಟ್ಟಲಿನ ಹಾಗಿದ್ದ ಊದುವ ಬಾಯಿಗೆ ಬಾಯಿ ಇಟ್ಟು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒಳಗೆ ಬಿಟ್ಟೆ. ‘ಹುಸ್’ ಅಂತು. ಮತ್ತೆ ಬಿಟ್ಟೆ. ‘ಹುಸ್.’ ಮೂರನೇ ಸಲ ಒಳಗಿಂದ ಧೂಳು ಬಂದು ಭಾವನ ಅನ್ನದ ತಟ್ಟೆ ಮೇಲೆ ಕೂತಿತು. ಭಾವ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ದಿನಾ ಊದಿದೆ. ದಿನಾ ಹುಸ್. ಕೆನ್ನೆ ಉಬ್ಬಿ ಮುಖ ಪೂರಿಯಾಯಿತು, ಸ್ವರ ಹುಟ್ಟಲಿಲ್ಲ. ಈ ಮಧ್ಯೆ ಡಾಕ್ಟರು ಬೋರ್ಡು ಸರಿ ಮಾಡಿಸಿ ಅಂತ ಒಂದು ಸಲವೂ ಹೇಳಿಕಳಿಸಲಿಲ್ಲ. ನನಗೆ ಹೆದರಿರಬೇಕು ಅಂದುಕೊಂಡೆ. ಬೇರೆ ಕಾರಣ ನನಗೆ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಕೊಂಬಿಗೆ ಬಾಯಿ ಇಟ್ಟವನಿಗೆ ಡಾಕ್ಟರ ಮಾತು ನೆನಪಾಯಿತು. ‘ಕೊಂಬು ನೆಟ್ಟಗಿದೆ, ನೀನೇ ಸೊಟ್ಟ.’ ತಡೆಯಲಾಗದೆ ತುಟಿ ಬಿಗಿಹಿಡಿದು, ಆಗದವರನ್ನು ಕಂಡರೆ ಮಾಡುತ್ತೇವಲ್ಲ, ಹಾಗೆ ‘ಪುರ್ರ್’ ಅಂದೆ.

ಕೊಂಬು ‘ಭೋಂ’ ಅಂತು!

ಗೋಡೆ ಅದುರಿತು. ಕ್ಯಾಲೆಂಡರು ಮೊಳೆ ಬಿಟ್ಟು ಕೆಳಗಿಳಿಯಿತು. ವಿದ್ಯೆ ನನಗೆ ಒಲಿದಿತ್ತು: ಇದು ಗಾಳಿಯಿಂದ ನುಡಿಯುವ ವಾದ್ಯವಲ್ಲ, ತಿರಸ್ಕಾರದಿಂದ ನುಡಿಯುವ ವಾದ್ಯ. ಅದಕ್ಕೆ ಬೇಕಾದ ಸಾಮಗ್ರಿ ನನ್ನ ಹತ್ತಿರ ಬೇಕಾದಷ್ಟಿತ್ತು. ಡಾಕ್ಟರನ್ನು ನೆನೆದು ಭೋಂ. ನಕ್ಕ ರೋಗಿಯನ್ನು ನೆನೆದು ಭೋಂ. ಶಾಲೆ ಮೇಷ್ಟರನ್ನು ನೆನೆದು ಉದ್ದಕ್ಕೆ ಒಂದು ಭೋಂ.

ಕಿಟಕಿಯಾಚೆ ದಡಬಡ ಸದ್ದಾಯಿತು. ಬಗ್ಗಿ ನೋಡಿದರೆ ಇಡೀ ಬೀದಿ ಕೊಡ, ಬಕೆಟ್ಟು, ಡ್ರಮ್ಮು ಹಿಡಿದು ಸಾಲಾಗಿ ನಿಂತಿದೆ. ನೀರಿನ ಟ್ಯಾಂಕರು ಬಂದಾಗ ಹೀಗೇ ಹಾರ್ನು ಹೊಡೆಯುವುದು. ಮಹಡಿ ಮೇಲಿನ ಅಜ್ಜಿ ಎಲ್ಲರಿಗಿಂತ ಮುಂದಿದ್ದರು; ಮೆಟ್ಟಿಲು ಇಳಿಯಲು ಆಗುವುದಿಲ್ಲ ಅಂತ ನಮ್ಮ ಕೈಯಲ್ಲಿ ಔಷಧಿ ತರಿಸಿಕೊಳ್ಳುವ ಅಜ್ಜಿ.

“ನಾನು ಮೊದಲು ಬಂದದ್ದು!”

“ನಿಮ್ಮ ಕೊಡ ಮೊದಲು ಬಂತು, ನೀವು ಆಮೇಲೆ ಬಂದಿರಿ!”

“ಟ್ಯಾಂಕರೆಲ್ಲಿ? ಹಾರ್ನು ಕೇಳಿಸ್ತಲ್ಲ?”

ಅಕ್ಕ ಬಾಗಿಲಿಗೆ ಹೋಗಿ ತಲೆ ತಗ್ಗಿಸಿ ಹೇಳಿದಳು: “ಟ್ಯಾಂಕರಲ್ಲ. ನನ್ನ ತಮ್ಮ.”

ಜನ ನನ್ನ ಮೇಲೆ ಖಾಲಿ ಕೊಡ ಎತ್ತಿದ ಹೊತ್ತಿಗೆ ಸರಿಯಾಗಿ ಬೀದಿ ತುದಿಯಿಂದ ಪೊಲೀಸ್ ಪೇದೆಯೊಬ್ಬರು ಬಂದರು. ನಮ್ಮ ಕಡೆಗೆ ಹೊಸಬರು. ಅವರ ಮುಂದೆ, ಕೈ ಬೀಸಿಕೊಂಡು, ಕುಳ್ಳಣ್ಣ.

“ಇವನೇ ಸಾರ್! ನನ್ನ ಕೊಂಬು ತೆಗೆದವನು ಇವನೇ!”

ಪೇದೆಯವರು ನನ್ನನ್ನು ನೋಡಿದರು. ನನ್ನ ತೋಳಿನಲ್ಲಿ ಥಳಥಳ ಹೊಳೆಯುತ್ತಿದ್ದ ಕೊಂಬನ್ನು ನೋಡಿದರು. ಇಷ್ಟು ಸಲೀಸಾದ ಕೇಸು ಅವರ ನೌಕರಿಯಲ್ಲೇ ಸಿಕ್ಕಿರಲಿಕ್ಕಿಲ್ಲ.

“ಇದೇನಾ ನಿನ್ನ ಕೊಂಬು?”

“ಅಷ್ಟು ದೊಡ್ಡದಲ್ಲ ಸಾರ್! ಬೆರಳಷ್ಟು ಇರಬೇಕು.”

“ಬೆರಳಷ್ಟು? ಯಾವ ಬಣ್ಣ?”

“ಕೆಂಪು ಸಾರ್. ಡಬ್ಬಿ ಬಣ್ಣ ನಾನೇ ಕೊಟ್ಟಿದ್ದೆ.”

“ಕೊಂಬಿಗೆ ಬಣ್ಣ ಹೊಡೆಸೋಕೆ ಕೊಟ್ಟಿದ್ದೆಯಾ?”

“ಕೊಂಬು ಹಾಕೋಕೆ ಕೊಟ್ಟಿದ್ದೆ! ಇವನು ಹಾಕಲೇ ಇಲ್ಲ. ಕೊಂಬು ಹೋಗಿ ನಾನು ಕಳ್ಳ ಆಗಿಬಿಟ್ಟೆ ಸಾರ್!”

ಪೇದೆಯವರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ನೋಡಪ್ಪಾ, ಸಾಮಾನು ಹೋದ್ರೆ ಎತ್ತಿದವನು ಕಳ್ಳ ಆಗ್ತಾನೆ. ಕಳ್ಕೊಂಡವನು ಹೇಗೆ ಕಳ್ಳ ಆಗ್ತಾನೆ? ಅಂಥ ಕಾನೂನು ಇನ್ನೂ ಬಂದಿಲ್ಲ.”

“ಬಂದಿದೆ ಸಾರ್! ನೀವೇ ಓದಿ ಹೇಳಿದ್ದಲ್ವಾ!”

ಆಗ ಅಕ್ಕನಿಗೆ ಹೊಳೆಯಿತು. ಹಣೆ ಹಣೆ ಬಡಿದುಕೊಂಡಳು. “ಸಾರ್, ಅದು ಅಕ್ಷರದ ಕೊಂಬು ಸಾರ್! ಇವರ ಹೆಸರು ಕುಳ್ಳಣ್ಣ. ನನ್ನ ತಮ್ಮ ಕೊಂಬು ಬಿಟ್ಟು ಕಳ್ಳಣ್ಣ ಅಂತ ಬರೆದಿದ್ದಾನೆ.”

ಹೌದು. ‘ಕಳ್ಳಣ್ಣನ ಹಳೇ ಸಾಮಾನಿನ ಅಂಗಡಿ.’ ಹೊಸ ಪೇದೆಯವರು ಅದನ್ನು ಓದಿ, ಇಷ್ಟು ರಾಜಾರೋಷವಾಗಿ ಬೋರ್ಡು ಹಾಕಿಕೊಂಡವನು ಎಂಥವನಿರಬೇಕು ಅಂತ ಒಳಗೆ ನುಗ್ಗಿದ್ದರು. ನಾನು ವಿಚಲಿತನಾಗಲಿಲ್ಲ. ಡಾಕ್ಟರ ಕಡೆ ಕೊಂಬು ಹೆಚ್ಚಾಗಿತ್ತು, ಕುಳ್ಳಣ್ಣನ ಕಡೆ ಕಡಿಮೆಯಾಯಿತು. ಒಟ್ಟು ಊರಿನ ಮಟ್ಟಿಗೆ ಸರಿಹೋಯಿತಲ್ಲ.

ಪೇದೆಯವರಿಗೆ ಮಾತ್ರ ಸರಿಹೋಗಲಿಲ್ಲ. “ಅದಿರಲಿ. ಈ ದೊಡ್ಡ ಕೊಂಬು ಎಲ್ಲಿಂದ ಬಂತು?”

“ಕುಳ್ಳಣ್ಣನ ಅಂಗಡಿಯಿಂದಲೇ,” ಅಂದೆ.

“ಕಳ್ಳಣ್ಣನ ಅಂಗಡಿಯಿಂದ!”

“ಕುಳ್ಳಣ್ಣ ಸಾರ್!” ಅಂತ ಕುಳ್ಳಣ್ಣ ಹಾರಿದ.

“ಬೋರ್ಡಿನಲ್ಲಿ ಏನಿದೆಯೋ ಅದೇ ದಾಖಲೆ. ಲೋ, ಇದು ನಿಂದೇ ಆದ್ರೆ ಊದಿ ತೋರಿಸು.” ಹಾಗನ್ನುತ್ತ, ಒಳಗೆ ನಿಜವಾದ ಮಾಲೀಕನ ಹೆಸರು ಕೆತ್ತಿದೆಯೋ ಅಂತ ನೋಡಲು ಕೊಂಬಿನ ಬಾಯಿಗೆ ತಲೆ ಹಾಕಿದರು.

ಊದು ಅಂದಿದ್ದು ಸರ್ಕಾರ. ನಾನು ಡಾಕ್ಟರನ್ನು ನೆನೆದೆ, ಜೊತೆಗೆ ಪೇದೆಯವರನ್ನೂ ಸೇರಿಸಿಕೊಂಡೆ.

ಭೋಂ!

ಟೋಪಿ ಅಜ್ಜಿಯ ಕೊಡದೊಳಕ್ಕೆ ಬಿತ್ತು. ಪೇದೆಯವರು ಬೆಚ್ಚಿ ತಲೆ ಎಳೆದುಕೊಳ್ಳುವ ಭರಕ್ಕೆ ಕೊಂಬು ನನ್ನ ಕಡೆ ಎಗರಿ, ಹಿತ್ತಾಳೆ ಬಟ್ಟಲು ನನ್ನ ಮುಂದಿನ ಹಲ್ಲಿಗೆ ಠಣ್ ಅಂತ ಬಡಿಯಿತು. ಹಲ್ಲು ಅರ್ಧಕ್ಕೆ ಮುರಿದು ಅಲ್ಲಾಡತೊಡಗಿತು.

ಪೇದೆಯವರು ಕಿವಿಯಲ್ಲಿ ಬೆರಳಾಡಿಸಿಕೊಂಡು ತೀರ್ಪು ಕೊಟ್ಟರು. “ಇದು ಇವನದೇ. ಇಷ್ಟು ಕೆಟ್ಟದಾಗಿ ಊದೋದನ್ನ ಯಾರೂ ಕದ್ದು ಕಲಿಯಲ್ಲ.”

“ಡಾಕ್ಟರ ಹತ್ರ ನಡಿ,” ಅಂದಳು ಅಕ್ಕ, ಸೆರಗಿನಿಂದ ನನ್ನ ಬಾಯಿ ಒತ್ತುತ್ತ. ಊರಿಗೆ ಹಲ್ಲಿನ ಡಾಕ್ಟರು ಅಂತ ಇದ್ದವರು ಅವರೊಬ್ಬರೇ. ನಾನು ಬೇಡ ಅಂತ ತಲೆಯಾಡಿಸಿದೆ. ತಲೆಯಾಡಿಸಿದರೆ ಹಲ್ಲೂ ಆಡಿತು. ಒಪ್ಪಿಕೊಂಡು, ಕೊಂಬನ್ನೂ ಹೆಗಲಿಗೇರಿಸಿ ಹೊರಟೆ.

ಕುಳ್ಳಣ್ಣ ಅಡ್ಡ ಬಂದ. “ಮೊದಲು ನನ್ನ ಕೊಂಬು, ಆಮೇಲೆ ನಿನ್ನ ಹಲ್ಲು!” ಅಂಗಡಿ ದಾರಿಯಲ್ಲೇ ಇತ್ತು. ಒಂದು ಕೈಯಲ್ಲಿ ಕೆನ್ನೆ, ಇನ್ನೊಂದರಲ್ಲಿ ಗಡ್ಡದ ಬ್ರಶ್ಶು, ಏಣಿ ಕೆಳಗೆ ಪೊಲೀಸ್ ಕಾವಲು. ನನ್ನ ನೋವಿಗೆ ಕೊಂಬು ಸ್ವಲ್ಪ ಅಳುಮುಖ ಮಾಡಿಕೊಂಡಿತು. ಆದರೂ ಕುಳ್ಳಣ್ಣ ಮತ್ತೆ ಕುಳ್ಳನಾದ. ಕಣ್ಣೊರೆಸಿಕೊಂಡು, ಬ್ರಶ್ಶನ್ನು ನೀನೇ ಇಟ್ಟುಕೋ ಅಂದ. ಅಷ್ಟು ಹೊತ್ತಿಗೆ ಅದನ್ನು ಯಾರೂ ಗಡ್ಡಕ್ಕೆ ಬಳಸುವ ಹಾಗಿರಲಿಲ್ಲ.

ಡಾಕ್ಟರ ದವಾಖಾನೆಯಲ್ಲಿ ಕೂರಲು ಜಾಗವಿರಲಿಲ್ಲ. ಮೆಟ್ಟಿಲವರೆಗೂ ಜನ. ಮೇಲೆ ಬೋರ್ಡು ಹಾಗೇ ಇತ್ತು, ನನ್ನ ಮೂರು ಕೊಂಬೂ ಹಾಗೇ. ಬಂದವರೆಲ್ಲ ಅದನ್ನು ನೋಡಿ ಕಿಸಕ್ಕನೆ ನಕ್ಕು ಒಳಗೆ ಹೋಗುತ್ತಿದ್ದರು. ನನ್ನ ಪಕ್ಕದ ದಪ್ಪನೆಯ ಮನುಷ್ಯ ಇನ್ನೊಬ್ಬನಿಗೆ ಹೇಳುತ್ತಿದ್ದ: “ಬೋರ್ಡು ಓದಿ ಬಾಯ್ತುಂಬ ನಕ್ಕೆ. ನನ್ನ ಹೆಂಡತಿ ಬಾಯೊಳಗೆ ನೋಡಿ, ಅಯ್ಯೋ ಹುಳುಕು ಹಲ್ಲು ಅಂದ್ಲು. ಇಲ್ಲೇ ಕೂರಿಸಿ ಹೋದ್ಲು.”

ಇಷ್ಟು ದಿನ ಇಡೀ ಊರು ನನ್ನನ್ನು ನೋಡಿ ನಗುತ್ತಿತ್ತು! ನನಗೆ ಮೈಯೆಲ್ಲ ಉರಿಯಿತು.

ಕುರ್ಚಿಯಲ್ಲಿ ಒರಗಿಸಿ ಡಾಕ್ಟರು ನನ್ನ ಮುಖ ಗುರುತು ಹಿಡಿದರು. “ಓಹೋ, ನೀನಾ!” ಅಂದರು. ಬಾಯಿ ತೆರೆದಿದ್ದವನು ಉತ್ತರ ಹೇಗೆ ಕೊಡಲಿ? ಇಕ್ಕಳ ಹೋಯಿತು, ಹಲ್ಲು ಬಂತು, ಹತ್ತಿ ತುಂಬಿತು. “ಕಚ್ಕೊಂಡಿರು. ಅರ್ಧ ಗಂಟೆ ಬಾಯಿ ಬಿಡಬಾರದು, ಒಂದಕ್ಷರ ಮಾತಾಡಬಾರದು. ಹೋಗಬೇಡ, ಆಚೆ ಕೂತಿರು. ಬೋರ್ಡಿನ ವಿಷಯ ನಿನ್ನ ಹತ್ರ ಮಾತಾಡೋದಿದೆ.”

ಅರ್ಥವಾಯಿತು. ಅರ್ಧ ಗಂಟೆ ಕಳೆದು, ಹತ್ತಿ ತೆಗೆಸಿ, ಅಷ್ಟು ಜನರ ಮುಂದೆ ತಪ್ಪಾಯ್ತು ಅನ್ನಿಸುವ ಹಂಚಿಕೆ. ನಾನು ಅದಕ್ಕೆ ಸಿಕ್ಕುವವನೇ? ಮಾತಿಲ್ಲದೆ ಕೆಲಸ ಮುಗಿಸಿದರೆ ಭಾವನ ಷರತ್ತೂ ಅರ್ಧ ತೀರಿತು, ನನ್ನ ಮಾನವೂ ಉಳಿಯಿತು. ಪಕ್ಕದ ಅಂಗಡಿಯಲ್ಲಿ ಗೋಡೆಗೆ ಬಿಳಿ ಬಣ್ಣ ಹೊಡೆಯುತ್ತಿದ್ದರು, ಬೋರ್ಡಿನ ಹಿನ್ನೆಲೆಯೂ ಬಿಳಿಯೇ. ಕೈಸನ್ನೆಯಲ್ಲೇ ಒಂದಿಷ್ಟು ಬಣ್ಣ ಕೇಳಿದೆ, ಕೈಸನ್ನೆಯಲ್ಲೇ ಏಣಿ ಕೇಳಿದೆ. ಗಡ್ಡದ ಬ್ರಶ್ಶಿನ ಕೆಂಪು ತೊಳೆದು, ಬಿಳಿಗೆ ಅದ್ದಿ, ಒಂದಾದ ಮೇಲೊಂದರಂತೆ ಮೂರೂ ಕೊಂಬುಗಳ ಮೇಲೆ ಎಳೆದೆ. ನನ್ನ ಕೈಯಿಂದಲೇ ಹುಟ್ಟಿದ ಕೊಂಬುಗಳು. ಮೂರನೆಯದರ ಹತ್ತಿರ ಕೈ ಒಂದು ಗಳಿಗೆ ನಿಂತಿತು, ಸುಳ್ಳು ಯಾಕೆ ಹೇಳಲಿ.

ಏಣಿ ಇಳಿಯುವ ಹೊತ್ತಿಗೆ ಭಾವ ಬಂದು ನಿಂತಿದ್ದರು, ಅಕ್ಕ ಹೇಳಿಕಳಿಸಿದ್ದಳು. ಬೋರ್ಡು ಓದಿದರು. “ಹಲ್ಲಿನ ಡಾಕ್ಟರು,” ಅಂತ ಗಟ್ಟಿಯಾಗಿಯೇ ಓದಿದರು. ಮುಖ ಸಡಿಲವಾಯಿತು.

ಅಷ್ಟರಲ್ಲಿ ಒಳಗಿಂದ ಡಾಕ್ಟರು ಇಕ್ಕಳ ಹಿಡಿದುಕೊಂಡೇ ಓಡಿಬಂದರು. ಅವರ ಹಿಂದೆ ರೋಗಿಗಳ ದಂಡು.

“ಅಯ್ಯಯ್ಯೋ, ಯಾರಪ್ಪಾ ನಿನಗೆ ಅಳಿಸು ಅಂದದ್ದು? ಆ ಕೊಂಬು ನೋಡೋಕೆ ತಾನೇ ಇಷ್ಟು ಜನ ಬರ್ತಾ ಇದ್ದದ್ದು! ಅದನ್ನೇ ಹೇಳೋಣ ಅಂತ ಕೂತ್ಕೋ ಅಂದ್ರೆ... ಕೊಂಬಿಲ್ಲದಿದ್ರೆ ನಾನೂ ಎಲ್ಲರ ಹಾಗೆ ಬರೀ ಹಲ್ಲಿನ ಡಾಕ್ಟರು ಕಣಪ್ಪಾ!”

ಜನ ಬೋರ್ಡು ಓದಿದರು. ಯಾರೂ ನಗಲಿಲ್ಲ. ಕ್ಯೂನಲ್ಲಿ ಕೊನೆಗೆ ನಿಂತಿದ್ದ ಒಬ್ಬಿಬ್ಬರು ಆಗಲೇ ಮನೆ ಕಡೆ ತಿರುಗಿದರು.

“ಅವತ್ತು ಏನೋ ಬಾಯಿ ತಪ್ಪಿ ಅಂದೆ,” ಅಂದರು ಡಾಕ್ಟರು, ಅದೇ ಬಾಗಿಲಲ್ಲಿ, ಅಷ್ಟೇ ಜನರೆದುರು. “ತಪ್ಪಾಯ್ತು ಅಂದ್ಕೋ. ಇನ್ನೊಂದು ಸಲ ಹಾಕ್ಕೊಡು. ಒಂದಾದ್ರೂ ಹಾಕ್ಕೊಡು! ನಿನ್ನ ಹಾಗೆ ಕೊಂಬು ಎಳೆಯೋರು ಈ ಊರಲ್ಲಿ ಇನ್ಯಾರಿದ್ದಾರೆ ಹೇಳು?”

ಭಾವ ಜೇಬಿನಿಂದ ನನ್ನ ಬ್ರಶ್ ತೆಗೆದು ಚಾಚಿದರು. “ಅವರೇ ಕೇಳ್ತಾ ಇದ್ದಾರಲ್ಲೋ. ಏನಾದ್ರೂ ಹೇಳು!”

ಹೇಳುವುದಕ್ಕೆ ನನ್ನಲ್ಲಿ ಎಂಥೆಂಥ ಮಾತಿದ್ದವು! ಒಂದೊಂದೂ ಎದುರಿಗಿದ್ದೋನ ಪಂಚೆ ಅಲ್ಲಾಡಿಸುವಂಥವು. ಆದರೆ ಅರ್ಧ ಗಂಟೆ ಬಾಯಿ ಬಿಡಬಾರದು ಅಂದಿದ್ದವರು ಅವರೇ, ಮತ್ತು ಡಾಕ್ಟರ ಮಾತು ಮೀರುವವನು ನಾನಲ್ಲ.

ಬ್ರಶ್ ತಗೊಂಡು ಕಿವಿ ಮೇಲಿಟ್ಟೆ. ಮೆಟ್ಟಿಲ ಪಕ್ಕ ಒರಗಿಸಿದ್ದ ಕೊಂಬನ್ನು ಎತ್ತಿ ಹೆಗಲಿಗೆ ಹಾಕಿದೆ. ಟಾಕೀಸಿನ ದಾರಿ ಹಿಡಿದು ನಡೆದೆ.